ಮೇಲ್ಬರಹ ನಂಬಿದ ಗೂಡಪ್ಪ

ಗೂಡಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಅಂಚೆ ಕಚೇರಿಯ ಕಾಗದ ವಿಂಗಡಿಸುವ ಕೋಣೆಯವರು ಕಟ್ಟಿದ ಹೆಸರು. ಆ ಕೋಣೆಯ ಒಂದು ಗೋಡೆಯ ತುಂಬ ಮರದ ಗೂಡುಗಳು, ಬೀದಿಗೊಂದು. ಅವುಗಳ ಮುಂದೆ ನಿಂತು, ಎಡಗೈಯಲ್ಲಿ ಕಾಗದಗಳ ಕಟ್ಟು ಹಿಡಿದು, ಮೇಲ್ಬರಹ ನೋಡಿ ಒಂದೊಂದನ್ನೇ ಗೂಡಿಗೆ ತಳ್ಳುವುದು ಅವನ ಕೆಲಸ. ಮೀಸೆ ಮೂಡುವಾಗ ಆ ಗೋಡೆಯ ಮುಂದೆ ನಿಂತವನು ಮೀಸೆ ನೆರೆತ ಮೇಲೆ ಅಲ್ಲಿಂದ ಕದಲಿದ್ದು. ಅಷ್ಟು ವರ್ಷಗಳಲ್ಲಿ ಕವರಿನ ಒಳಗೇನಿದೆ ಎಂದು ಒಂದು ದಿನವೂ ತಲೆ ಕೆಡಿಸಿಕೊಂಡವನಲ್ಲ. ಯಾರು ಕಳಿಸಿದರು ಎಂಬುದು ಕಳಿಸಿದವರ ಹಣೆಬರಹ. ಯಾವ ತಾರೀಖಿನದು ಎಂಬುದು ಮುದ್ರೆ ಹೊಡೆಯುವವನ ತಲೆನೋವು. ಮೇಲೆ ಬರೆದದ್ದಷ್ಟೇ ತನ್ನದು ಎಂದು ಗೂಡಪ್ಪ ನೆಮ್ಮದಿಯಾಗಿದ್ದ.

ಇಂಥವನಿಗೆ ಸಿಕ್ಕ ಅಕ್ಕನೋ, ಮೇಲ್ಬರಹಕ್ಕೆ ಮೂರು ಕಾಸಿನ ಬೆಲೆ ಕೊಡುವವಳಲ್ಲ. ಮನೆಗೆ ಬಂದ ಹಳೆಯ ಕವರುಗಳನ್ನು ಬಿಚ್ಚಿ, ಒಳಮೈ ಹೊರಗೆ ಮಾಡಿ, ಅಂಟು ಸವರಿ, ಅದರಲ್ಲೇ ತಮ್ಮನಿಗೆ ಕಾಗದ ಕಳಿಸುತ್ತಿದ್ದಳು. ಒಂದು ಸಲವಂತೂ ತಿರುಗಿಸುವ ತಾಪತ್ರಯವನ್ನೂ ಬಿಟ್ಟು, ವಿದ್ಯುತ್ ಕಚೇರಿಯ ವಿಳಾಸದ ಪಕ್ಕದಲ್ಲೇ ತಮ್ಮನ ವಿಳಾಸ ಗೀಚಿ ಡಬ್ಬಿಗೆ ಹಾಕಿದ್ದಳು. ಆ ಕಾಗದ ವಿದ್ಯುತ್ ಕಚೇರಿಗೆ ಹೋಗಿ, ಅಲ್ಲಿ ಬೈಗುಳ ತಿಂದು, ವಾಪಸು ಬಂದು ಗೂಡಪ್ಪನ ಕೈಗೇ ಸಿಕ್ಕಿತು. ಕೋಣೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಹೊಸ ಕವರ್ ತಗೊಂಡ್ರೆ ನಿನ್ನ ಗಂಟೇನು ಹೋಗುತ್ತೆ?” ಎಂದು ಅವನು ಅವಳ ಮನೆಗೆ ಹೋಗಿ ರೇಗಾಡಿದ್ದ.

“ಒಳಗಿರೋ ಕಾಗದ ಹೊಸದೇ ಅಲ್ವೇನೋ? ನೀನು ಓದೋದು ಅದನ್ನ ತಾನೆ?” ಎಂದಿದ್ದಳು ಅಕ್ಕ.

ರೇಗಿದರೂ ರೇಗುವ ಹಕ್ಕು ತನಗಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಅಮ್ಮ ತೀರಿಕೊಂಡಾಗ ಅವನಿನ್ನೂ ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬಾರದ ಹುಡುಗ. ಅಕ್ಕ ಶಾಲೆ ಬಿಟ್ಟು ಬಟ್ಟೆ ಗಿರಣಿಗೆ ಸೇರಿದಳು, ತಮ್ಮ ಶಾಲೆ ಮುಗಿಸಿದ. ಮಗ್ಗಗಳ ಗದ್ದಲ ಅವಳ ಕಿವಿಯನ್ನು ಚೂರುಚೂರೇ ತಿಂದು ಹಾಕಿತು. ಅವಳು ಮದುವೆ ಬೇಡ ಎಂದಳೋ, ಮದುವೆಯ ಮಾತು ಆಡುವವರೇ ಮನೆಯಲ್ಲಿ ಇರಲಿಲ್ಲವೋ, ಆ ವಿಷಯವನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಗಿರಣಿ ಬಿಡುವ ಹೊತ್ತಿಗೆ ಅವಳ ಜತೆ ಫೋನಿನಲ್ಲಿ ಮಾತಾಡುವುದು ಗೋಡೆಯ ಜತೆ ಮಾತಾಡಿದ ಹಾಗೆ ಆಗಿತ್ತು. ಎದುರಿಗೆ ಕೂತರೆ ತುಟಿ ನೋಡಿ ಎಲ್ಲವನ್ನೂ ತಿಳಿದುಕೊಳ್ಳುತ್ತಿದ್ದಳು. ಆದರೆ ಎದುರಿಗೆ ಕೂರಬೇಕಾದರೆ ಎರಡು ಬಸ್ಸು ಬದಲಿಸಬೇಕು.

ಅಕ್ಕನಿಗೆ ಹೂಗಿಡಗಳ ಹುಚ್ಚು. ಪಕ್ಕದ ಮನೆಯವರು ಬಿಟ್ಟುಹೋದ ಹಳೇ ಕಂಪ್ಯೂಟರಿನಲ್ಲಿ ಅವಳು ಹೂಗಿಡ ಬೆಳೆಸುವವರ ಒಂದು ನ್ಯೂಸ್‌ಗ್ರೂಪ್ ಹಿಡಿದುಕೊಂಡಿದ್ದಳು. ಹೆಸರಿಗೆ ನ್ಯೂಸ್, ಅದರಲ್ಲಿ ಸುದ್ದಿ ಏನೂ ಇಲ್ಲ. ಎಲ್ಲೆಲ್ಲಿಯವರೋ ಬರೆದು ಹಾಕುತ್ತಾರೆ, ಎಲ್ಲೆಲ್ಲಿಯವರೋ ಓದುತ್ತಾರೆ, ಮನಸ್ಸು ಬಂದವರು ಉತ್ತರ ಬರೆಯುತ್ತಾರೆ. ಅಲ್ಲಿ ಕಿವಿಗೆ ಕೆಲಸವಿಲ್ಲ. ಗೂಡಪ್ಪ ನಿವೃತ್ತನಾದ ಮೇಲೆ, ಅಕ್ಕ ಅಲ್ಲಿ ಸಿಗುತ್ತಾಳೆ ಎಂಬ ಒಂದೇ ಕಾರಣಕ್ಕೆ, ಅವನ ಮಗಳು ಅವನ ಮನೆಯಲ್ಲೂ ಅದನ್ನು ಓದುವ ಸಾಫ್ಟ್‌ವೇರ್ ಹಾಕಿಕೊಟ್ಟಳು. ಮಗಳು ಆಸ್ಪತ್ರೆಯಲ್ಲಿ ನರ್ಸ್, ಮದುವೆಯಾಗಿ ಬೇರೆ ಬೀದಿಯಲ್ಲಿದ್ದಳು. ಗೂಡಪ್ಪನ ಹೆಂಡತಿ ಹೋಗಿ ಬಹಳ ವರ್ಷಗಳಾಗಿದ್ದವು.

ಪ್ರತಿ ಬರಹದ ನೆತ್ತಿಯ ಮೇಲೆ ‘ವಿಷಯ’ ಎಂದು ಒಂದು ಸಾಲು ಇದ್ದದ್ದನ್ನು ಕಂಡು ಗೂಡಪ್ಪನ ಮುಖ ಅರಳಿತು. “ಇದು ನಮ್ಮ ಕೆಲಸಾನೇ ಕಣೇ! ಕವರಿನ ಮೇಲೆ ವಿಳಾಸ ಇದ್ದ ಹಾಗೆ” ಎಂದ.

“ಪೂರ್ತಿ ಹಾಗಲ್ಲಪ್ಪ...” ಎಂದು ಮಗಳು ಶುರು ಮಾಡಿದಳು.

“ನಂಗೆ ವಿಂಗಡಿಸೋದು ಹೇಳಿಕೊಡ್ತೀಯಾ?” ಎಂದ ಅಪ್ಪ. ಮಗಳಿಗೆ ಡ್ಯೂಟಿಗೆ ಹೊತ್ತಾಗಿತ್ತು. ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ಮೊದಲ ದಿನ ಎಲ್ಲ ಚೆನ್ನಾಗಿಯೇ ಆಯಿತು. ‘ಅಕ್ಕಾ, ನಾನೂ ಬಂದೆ’ ಎಂದು ವಿಷಯ ಬರೆದು ಅವನು ಎರಡು ಸಾಲು ಹಾಕಿದ. ಸ್ವಲ್ಪ ಹೊತ್ತಿಗೆಲ್ಲ ಅದರ ಕೆಳಗೇ ಅಕ್ಕನ ಉತ್ತರ ಬಂದು ಕೂತಿತು: ‘ಬಾರೋ ಬಾ. ನಿಂಗೆ ಗಿಡದ ಗಂಧವೇ ಇಲ್ಲವಲ್ಲ, ಇಲ್ಲಿ ಏನು ಮಾಡ್ತೀಯಾ?’ ಕೇಳಿದ್ದರ ಕೆಳಗೆ ಉತ್ತರ ಬರುತ್ತದೆ ಎಂದು ಗೂಡಪ್ಪ ಮನಸ್ಸಿನಲ್ಲಿ ಗಂಟು ಹಾಕಿಕೊಂಡ. ಅಕ್ಕನಿಗೆ ಆ ಯಂತ್ರದಲ್ಲಿ ಬರುತ್ತಿದ್ದದ್ದು ಒಂದೇ ಗುಂಡಿ, ಉತ್ತರಿಸುವ ಗುಂಡಿ. ಆವತ್ತು ಅವಳ ಮುಂದೆ ತಮ್ಮನ ಬರಹವೇ ತೆರೆದಿತ್ತು, ಅದಕ್ಕೇ ಉತ್ತರ ಸರಿಯಾದ ಜಾಗಕ್ಕೆ ಬಂದಿತ್ತು. ಇದು ಅವನಿಗೆ ಹೇಗೆ ಗೊತ್ತಾಗಬೇಕು?

ಗುಂಪಿನ ಮಿಕ್ಕ ಬರಹಗಳು ಮಾತ್ರ ಅವನಿಗೆ ಗೊಂದಲದ ಗೂಡಾಗಿ ಕಂಡವು. ಬಂದದ್ದು ಬಂದ ಹಾಗೆ ರಾಶಿ ಬಿದ್ದಿದ್ದವು. ಇಂಥ ರಾಶಿಯನ್ನು ನೋಡಿಕೊಂಡು ಸುಮ್ಮನೆ ಕೂರುವ ಜೀವ ಅಲ್ಲ ಅದು. ಅಲ್ಲಿ ಇಲ್ಲಿ ಒತ್ತಿ ಹುಡುಕಿದಾಗ ಅವನಿಗೆ ಮೂರು ಸೌಕರ್ಯಗಳು ಸಿಕ್ಕವು. ಒಂದೇ ವಿಷಯದ ಸಾಲಿರುವುದನ್ನೆಲ್ಲ ಒಂದೇ ಕಡೆ ಕೂಡಿಸಬಹುದು. ಹೊಸದನ್ನು ಮೇಲೆ, ಹಳೆಯದನ್ನು ಕೆಳಗೆ ಇಡಬಹುದು. ಬೇಡದ ಸರಣಿಯನ್ನು ಇನ್ನು ಮುಂದೆ ತೋರಿಸಬೇಡ ಎಂದು ಹೇಳಬಹುದು. ಗೂಡಪ್ಪ ಮೂರನ್ನೂ ಮಾಡಿದ. ‘ಗುಲಾಬಿ ಎಲೆಗೆ ಕಪ್ಪು ಚುಕ್ಕೆ’ ಎಂಬ ಒಂದು ಸರಣಿ ಹನುಮಂತನ ಬಾಲದ ಹಾಗೆ ಬೆಳೆದುಕೊಂಡು ಅರ್ಧ ಪರದೆ ತಿನ್ನುತ್ತಿತ್ತು. ತನ್ನ ಮನೆಯಲ್ಲಿ ಗುಲಾಬಿಯೂ ಇಲ್ಲ, ಚುಕ್ಕೆಯೂ ಇಲ್ಲ. ಬೇಡ ಎಂದು ಒತ್ತಿದ, ಅದು ಮಾಯವಾಯಿತು. ಪರದೆ ಚೊಕ್ಕಟವಾಯಿತು. ಅವನಿಗೆ ಹಳೆಯ ಗೋಡೆಯ ಮುಂದೆ ನಿಂತಷ್ಟು ಖುಷಿಯಾಯಿತು.

ಅದೇ ಸಮಯಕ್ಕೆ ಅಕ್ಕ ಬಾಡಿಗೆಗಿದ್ದ ಹಳೆಯ ಕಟ್ಟಡವನ್ನು ಕೆಡವುತ್ತಾರೆ ಎಂಬ ಸುದ್ದಿ ಬಂತು. ತಿಂಗಳ ಕೊನೆಗೆ ಎಲ್ಲರೂ ಖಾಲಿ ಮಾಡಬೇಕು. ಗೂಡಪ್ಪ ಒಂದು ಕ್ಷಣವೂ ಯೋಚಿಸಲಿಲ್ಲ. ಅವನ ಮನೆ ಮಹಡಿಯ ಮೇಲೆ. ಮುಂದಿನ ಕೋಣೆಯಲ್ಲಿ ಮುರಿದ ಕುರ್ಚಿ, ಹಳೇ ಟ್ರಂಕು, ಹೆಂಡತಿಯ ಹೊಲಿಗೆ ಯಂತ್ರ ತುಂಬಿದ್ದವು. ಅದನ್ನೆಲ್ಲ ಹಿಂದಿನ ಕೋಣೆಗೆ ಎಳೆದು, ಗೋಡೆಗೆ ತಾನೇ ಸುಣ್ಣ ಹೊಡೆದು, ಕಿಟಕಿಯ ಮುಂದೆ ಕುಂಡಗಳಿಗೆಂದು ಒಂದು ಹಲಗೆ ಬಡಿದ. ಬೆನ್ನು ಹಿಡಿದುಕೊಂಡಿತು, ಆದರೂ ಖುಷಿಯಲ್ಲಿದ್ದ. ಅಕ್ಕ ಇಷ್ಟು ವರ್ಷ ತನ್ನನ್ನು ನೋಡಿಕೊಂಡಳು, ಇನ್ನು ತಾನು ನೋಡಿಕೊಳ್ಳುವ ಸರದಿ ಎಂಬ ಒಂದೇ ಆಸೆ ಅವನಿಗೆ. ಆಮೇಲೆ ಕಂಪ್ಯೂಟರಿನ ಮುಂದೆ ಕೂತು, ವಿಷಯದ ಸಾಲಿನಲ್ಲಿ ‘ಬರ್ತೀರಾ?’ ಎಂದು ಬರೆದ. ಕವರಿನ ಮೇಲೆ ಅಕ್ಕನಿಗೆ ಬಹುವಚನ, ಒಳಗೆ ಏಕವಚನ, ಇದು ಅವನ ಹಳೆಯ ಪದ್ಧತಿ. ಒಳಗೆ ಹೀಗೆ ಬರೆದ: ‘ಅಕ್ಕಾ, ಮುಂದಿನ ಕೋಣೆ ರೆಡಿ ಮಾಡಿದೀನಿ. ನೀನು ಬಂದು ನಮ್ಮನೇಲೇ ಇರು. ಬರ್ತೀನಿ ಅಂತ ಒಂದು ಮಾತು ಬರಿ, ನಾನೇ ಬಂದು ಕರ್ಕೊಂಡು ಹೋಗ್ತೀನಿ.’

ಮಾರನೆಯ ಬೆಳಗ್ಗೆ ಪರದೆ ತೆರೆದರೆ ಅವನ ಪ್ರಶ್ನೆಯ ಕೆಳಗೆ ಒಂದು ಗೊಂಚಲು ಉತ್ತರಗಳು. ಅವುಗಳ ನಡುವೆ ಅಕ್ಕನ ಹೆಸರು. ಒತ್ತಿದ.

‘ಬರೋದಿಲ್ಲ. ಮೊಣಕಾಲು ಬಿಡ್ತಾ ಇಲ್ಲ. ಆ ಮೆಟ್ಟಿಲು ಹತ್ತೋದು ನನ್ನ ಕೈಲಾಗೋ ಮಾತಲ್ಲ. ಇನ್ನೊಂದ್ಸಲ ಕೇಳಬೇಡಿ, ಇಲ್ಲ ಅನ್ನೋಕೆ ನಂಗೂ ಬೇಜಾರಾಗುತ್ತೆ.’

ಗೂಡಪ್ಪ ಅದನ್ನು ಓದಿ, ಕನ್ನಡಕ ಒರೆಸಿಕೊಂಡು, ಇನ್ನೊಮ್ಮೆ ಓದಿದ. ಮೆಟ್ಟಿಲು, ಸರಿ. ತನ್ನ ಮನೆಗೆ ಮೆಟ್ಟಿಲು ಇರುವುದು ನಿಜ. ಆದರೆ ಕೇಳಬೇಡಿ ಎಂದರೇನು? ಹುಟ್ಟಿದಂದಿನಿಂದ ಹೋಗೋ ಬಾರೋ ಎನ್ನುತ್ತಿದ್ದ ಅಕ್ಕ ತನಗೆ ಬಹುವಚನ ಹಚ್ಚಿದ್ದಾಳೆ! ಅಂಥ ತಪ್ಪು ಏನು ಮಾಡಿದೆ? ಮೇಲೆ ಬರ್ತೀರಾ ಎಂದು ಬರೆದದ್ದಕ್ಕೆ ಮುನಿಸೋ? ಕವರಿನ ವಿಷಯದಲ್ಲಿ ಹಿಂದೆ ರೇಗಾಡಿದ್ದನ್ನು ಇಷ್ಟು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳೋ? ಉಳಿದ ಉತ್ತರಗಳು ಇನ್ನೂ ವಿಚಿತ್ರವಾಗಿದ್ದವು. ಯಾರೋ ಒಬ್ಬರು ‘ನಾನು ಖಂಡಿತ ಬರ್ತೀನಿ, ಮನೆಯವರನ್ನೂ ಕರ್ಕೊಂಡು ಬರಬಹುದಾ?’ ಎಂದು ಕೇಳಿದ್ದರು. ಇನ್ನೊಬ್ಬರು ‘ಊಟ ಅಲ್ಲೇನಾ, ಕಟ್ಟಿಕೊಂಡು ಬರಬೇಕಾ?’ ಎಂದಿದ್ದರು. ಗುರುತು ಪರಿಚಯವಿಲ್ಲದ ಇವರೆಲ್ಲ ತನ್ನ ಮುಂದಿನ ಕೋಣೆಗೆ ಯಾಕೆ ಬರುತ್ತಾರೆ? ಗೂಡಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಹೂಗಿಡದವರು ತಮಾಷೆಯ ಜನ ಇರಬೇಕು ಎಂದುಕೊಂಡ. ಅಕ್ಕನ ಉತ್ತರ ಮಾತ್ರ ತಮಾಷೆಯಾಗಿರಲಿಲ್ಲ.

ಕೇಳಬೇಡಿ ಎಂದವಳನ್ನು ಮತ್ತೆ ಕೇಳುವ ಧೈರ್ಯ ಅವನಿಗೆ ಆಗಲಿಲ್ಲ. ಬಸ್ಸು ಹತ್ತಿ ಹೋಗೋಣವೆಂದು ಅಂಗಿ ಹಾಕಿಕೊಂಡ, ಹೋದರೆ ಅವಳಿಗೆ ಬೇಜಾರಾಗುತ್ತದೆ ಎಂದು ತೆಗೆದು ಗೂಟಕ್ಕೆ ಹಾಕಿದ. ಆದರೂ ದಿನಾ ಬೆಳಗ್ಗೆ ಪರದೆ ತೆರೆದು, ಅಕ್ಕ ಮನಸ್ಸು ಬದಲಿಸಿದಳೇನೋ ಎಂದು ‘ಬರ್ತೀರಾ?’ ಸರಣಿಯ ನೆತ್ತಿ ನೋಡುತ್ತಿದ್ದ. ಅವನ ಪ್ರಶ್ನೆ ನೆತ್ತಿಯ ಮೇಲೆ ಒಂಟಿಯಾಗಿ ಕೂತಿರುತ್ತಿತ್ತು. ಕೊನೆಗೆ ಸುಣ್ಣ ಹೊಡೆದ ಕೋಣೆಯನ್ನು ನೋಡಲಾರದೆ ಅದನ್ನು ಬಾಡಿಗೆಗೆ ಕೊಟ್ಟ. ಬಂದವನು ಬ್ಯಾಂಡಿನಲ್ಲಿ ಟ್ರಂಪೆಟ್ ಊದುವವನು, ಬೀದಿಯಲ್ಲಿ ಬೇರೆ ಯಾರೂ ಅವನಿಗೆ ಮನೆ ಕೊಟ್ಟಿರಲಿಲ್ಲ. ಅವನು ದಿನಾ ಒಂದೇ ರಾಗವನ್ನು ಅರ್ಧಕ್ಕೆ ತಂದು, ತಪ್ಪಿ, ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದ. ಒಮ್ಮೆಯಾದರೂ ಮುಗಿಸಬಾರದೇ ಎಂದು ಗೂಡಪ್ಪ ಗೋಡೆಯ ಈಚೆ ಕೂತು ಹಲ್ಲು ಕಡಿಯುತ್ತಿದ್ದ. ಅಕ್ಕನಾಗಿದ್ದರೆ ಇದು ಅವಳ ಕಿವಿಗೆ ಬೀಳುತ್ತಲೇ ಇರಲಿಲ್ಲ ಎಂದು ನೆನಪಾಗಿ ಕಣ್ಣು ಒದ್ದೆಯಾಗುತ್ತಿತ್ತು.

ತಿಂಗಳ ಕೊನೆ ಹತ್ತಿರವಾದಾಗ ಮಗಳು ಬಂದಳು. ಮೆಟ್ಟಿಲು ಹತ್ತಿದವಳೇ ಟ್ರಂಪೆಟ್ ಸದ್ದಿಗೆ ಬೆಚ್ಚಿದಳು.

“ಅಪ್ಪಾ, ಇದ್ಯಾರು? ಅತ್ತೆ ಯಾವಾಗ ಬರ್ತಾರೆ?”

“ನಿನ್ನ ಅತ್ತೆ ಬರಲ್ಲ. ಬರಲ್ಲ ಅಂತ ಮುಖಕ್ಕೆ ಹೊಡೆದ ಹಾಗೆ ಬರೆದಿದ್ದಾಳೆ. ಬೇಕಾದ್ರೆ ನೀನೇ ನೋಡು.”

ಮಗಳು ನೋಡಿದಳು. ಮುಖ ಪರದೆಯ ಹತ್ತಿರ ತಂದು ಮತ್ತೆ ನೋಡಿದಳು. “ಅಪ್ಪಾ, ಇದು ಹೋದ ವರ್ಷದ್ದು.”

“ಯಾವುದು?”

“ಅತ್ತೆ ಬರೆದಿರೋದು. ತಾರೀಖು ನೋಡು. ಹೋದ ವರ್ಷ ಬೀಜದ ಟೀಚರ್ ಅನ್ನೋರು ಯಾವುದೋ ಮಹಡಿ ಹಾಲ್‌ನಲ್ಲಿ ಬೀಜ ಹಂಚಿಕೊಳ್ಳೋಕೆ ಎಲ್ಲರನ್ನೂ ಕರೆದಿದ್ದಾರೆ. ವಿಷಯ, ‘ಬರ್ತೀರಾ?’ ಅದಕ್ಕೆ ಎಲ್ಲರೂ ಉತ್ತರ ಕೊಟ್ಟಿದ್ದಾರೆ. ನೀನೂ ಅದೇ ಪದ ಬರೆದೆ. ವಿಷಯ ಒಂದೇ ಅಂತ ಇದು ನಿನ್ನದನ್ನ ಆ ಗುಂಪಿಗೇ ಸೇರಿಸಿಬಿಟ್ಟಿದೆ. ಹೊಸದು ಮೇಲೆ ಅಂತ ಬೇರೆ ಇಟ್ಟಿದೀಯಾ. ನಿನ್ನ ಪ್ರಶ್ನೆ ಮೇಲೆ, ಹೋದ ವರ್ಷದ ಉತ್ತರಗಳು ಕೆಳಗೆ, ಟೀಚರ್ ಕರೆದದ್ದು ಎಲ್ಲಕ್ಕಿಂತ ತಳಕ್ಕೆ.”

ಗೂಡಪ್ಪ ಕಣ್ಣು ಕಣ್ಣು ಬಿಟ್ಟ. “ಅಂದ್ರೆ ನಾನು ಕೇಳೋಕೆ ಮುಂಚೆನೇ ಅವಳು ಉತ್ತರ ಕೊಟ್ಟಿದ್ದಾಳೆ?”

“ನಿಂಗಲ್ಲಪ್ಪ! ಟೀಚರ್‌ಗೆ.” ಮಗಳು ಹಣೆ ಚಚ್ಚಿಕೊಂಡಳು. “ಯಾರು ಯಾವುದಕ್ಕೆ ಉತ್ತರ ಬರೆದ್ರು ಅನ್ನೋ ಗುರುತು ಪ್ರತಿ ಬರಹದ ಒಳಗೂ ಇರುತ್ತೆ. ಅದನ್ನ ನೋಡಿ ಜೋಡಿಸು ಅಂದ್ರೆ ಸರಿಯಾಗಿ ಜೋಡಿಸುತ್ತೆ. ನೀನು ಮೇಲಿನ ಸಾಲು ನೋಡಿ ಜೋಡಿಸು ಅಂದಿದ್ದೀಯಾ. ತಾರೀಖಾದ್ರೂ ನೋಡಬಾರ್ದಾ?”

ತಾರೀಖು ನೋಡುವುದು ಮುದ್ರೆ ಹೊಡೆಯುವವನ ಕೆಲಸ ಎಂಬ ಮಾತು ಗೂಡಪ್ಪನ ನಾಲಿಗೆಯ ತುದಿಗೆ ಬಂತು. “ಹಾಗಾದ್ರೆ ನನ್ನ ಪ್ರಶ್ನೆಗೆ ಉತ್ತರ ಎಲ್ಲಿ?” ಎಂದ.

ಮಗಳು ಅಕ್ಕನ ಹೆಸರು ಹಾಕಿ ಹುಡುಕಿದಳು. ಅಪ್ಪ ಕರೆದ ಮೇಲೆ ಅವಳು ಬರೆದದ್ದೆಲ್ಲ ಒಂದೇ ಸರಣಿಯಲ್ಲಿತ್ತು. ಅಪ್ಪ ತೋರಿಸಬೇಡ ಎಂದು ಒತ್ತಿಟ್ಟಿದ್ದ ಸರಣಿ. ‘ಗುಲಾಬಿ ಎಲೆಗೆ ಕಪ್ಪು ಚುಕ್ಕೆ’.

ಮಗಳು ಅದನ್ನು ತೆರೆದು, ಹಳೆಯದು ಮೇಲೆ ಬರುವಂತೆ ತಿರುಗಿಸಿ, ಕುರ್ಚಿ ಬಿಟ್ಟುಕೊಟ್ಟಳು. ಗೂಡಪ್ಪ ಕೂತು ಓದಿದ. ಮೊದಲು ಬೇವಿನ ಎಣ್ಣೆ, ಸೋಪಿನ ನೀರು, ಚುಕ್ಕೆ ಬಿದ್ದ ಎಲೆಯನ್ನು ಕಿತ್ತು ಸುಡಬೇಕೋ ಬೇಡವೋ ಎಂಬ ಜಗಳ. ಅದರ ಕೆಳಗೆ, ಯಾವ ಮುನ್ಸೂಚನೆಯೂ ಇಲ್ಲದೆ, ಅಕ್ಕ:

‘ತಮ್ಮಾ, ಎರಡು ದಿನ ಯೋಚನೆ ಮಾಡಿದೆ. ಬರ್ತೀನಿ. ಮೆಟ್ಟಿಲು ಕಷ್ಟಾನೇ, ಆದ್ರೆ ನೀನು ಕೈ ಹಿಡ್ಕೊಂಡ್ರೆ ಹತ್ತುತ್ತೀನಿ. ಕಿಟಕಿ ಯಾವ ಕಡೆಗಿದೆ? ಬೆಳಗಿನ ಬಿಸಿಲು ಬರುತ್ತಾ?’

ಎರಡು ದಿನ ಬಿಟ್ಟು ಬಂದು ಕೂತಾಗ ಅವಳ ಮುಂದೆ ಗುಲಾಬಿಯ ಬರಹ ತೆರೆದಿತ್ತು. ಗೊತ್ತಿದ್ದ ಒಂದೇ ಗುಂಡಿ ಒತ್ತಿ ಬರೆದಿದ್ದಳು, ಅಷ್ಟೇ. ಅದರ ಕೆಳಗೆ ಗೊಬ್ಬರದ ಮಾವ ಎಂದು ಸಹಿ ಹಾಕುವವರೊಬ್ಬರು, ಕಿಟಕಿ ಪೂರ್ವಕ್ಕಿದ್ದರೆ ಯಾವ ಕುಂಡವನ್ನು ಎಲ್ಲಿಡಬೇಕು ಎಂದು ಉದ್ದಕ್ಕೆ ಬರೆದಿದ್ದರು. ಮತ್ತೆ ಅಕ್ಕ: ‘ತಮ್ಮಾ, ಕಿಟಕಿ ವಿಷಯ ನೀನು ಹೇಳಲೇ ಇಲ್ಲ.’ ಇನ್ನೂ ಕೆಳಗೆ: ‘ತಮ್ಮಾ, ಹುಷಾರಾಗಿದೀಯಾ?’ ಅದರ ಕೆಳಗೆ ಯಾರೋ ಬರೆದಿದ್ದರು: ‘ಬಾಯಿಮಾತಿಗೆ ಕರೆದು ಆಮೇಲೆ ತೆಪ್ಪಗಾಗೋ ಜನ ಇರ್ತಾರೆ, ನೀವು ಮನಸ್ಸಿಗೆ ಹಚ್ಚಿಕೋಬೇಡಿ.’

ಅಕ್ಕ ಅವರಿಗೆ ಚುರುಕಾಗಿಯೇ ಉತ್ತರಿಸಿದ್ದಳು: ‘ನನ್ನ ತಮ್ಮ ಅಂಥವನಲ್ಲ. ಬೇಡ ಅಂತ ಬಾಯಿಬಿಟ್ಟು ಹೇಳೋಕೆ ಅವನಿಗೆ ಸಂಕೋಚ. ಮೊದಲಿಂದಲೂ ಹಾಗೇ. ನಾನೇ ಅರ್ಥ ಮಾಡ್ಕೋಬೇಕು.’

ಅದಾದ ಮೇಲೆ ಬೀಜದ ಟೀಚರ್: ‘ನಾನೊಬ್ಬಳೇ ಇದೀನಿ. ನಮ್ಮನೆಗೆ ಒಂದು ಮೆಟ್ಟಿಲೂ ಇಲ್ಲ. ಅಂಗಳ ಇದೆ. ಬನ್ನಿ.’

ಕೊನೆಗೆ ಅಕ್ಕ: ‘ಆಗಲಿ.’

ಗೋಡೆಯ ಆಚೆ ಟ್ರಂಪೆಟ್ ತಪ್ಪಿ, ನಿಂತು, ಮತ್ತೆ ಶುರುವಾಯಿತು. “ಊರಿಗೆಲ್ಲ ಗೊತ್ತು. ಗೊಬ್ಬರದವನಿಗೂ ಗೊತ್ತು. ನಂಗೊಬ್ಬನಿಗೆ ಗೊತ್ತಿಲ್ಲ” ಎಂದ ಗೂಡಪ್ಪ. ಮಗಳು ಏನೋ ಹೇಳಲು ಬಾಯಿ ತೆರೆಯುವುದರೊಳಗೆ ಅವನು ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಂಡು ಮೆಟ್ಟಿಲಿಳಿದಾಗಿತ್ತು.

ಮೊದಲನೆಯ ಬಸ್ಸಿನಲ್ಲಿ ಅವನಿಗೆ ತನ್ನ ಮೇಲೆ ಸಿಟ್ಟು ಬಂತು. ಎರಡನೆಯದರಲ್ಲಿ ಅಕ್ಕನ ಮೇಲೆ ಬಂತು. ಇಳಿಯುವ ಹೊತ್ತಿಗೆ ಯಾರ ಮೇಲೆ ಸಿಟ್ಟು ಎಂಬುದೇ ಕಲಸಿಹೋಗಿತ್ತು. ಅಕ್ಕನ ಕಟ್ಟಡದ ಕಿಟಕಿಗಳನ್ನು ಆಗಲೇ ಕಿತ್ತಿದ್ದರು. ಮೆಟ್ಟಿಲ ಬುಡದಲ್ಲಿ ಹೂಕುಂಡಗಳು ಸಾಲಾಗಿ ಗಾಡಿಗೆ ಕಾಯುತ್ತಿದ್ದವು. ಅವಳ ಬಾಗಿಲಿನ ಗುಂಡಿ ಒತ್ತಿದರೆ ಗಂಟೆಯ ಸದ್ದಾಗುವುದಿಲ್ಲ, ಒಳಗೆ ಒಂದು ದೀಪ ಮಿನುಗುತ್ತದೆ. ಗೂಡಪ್ಪ ಒತ್ತಿದ. ಒತ್ತುತ್ತಲೇ ಇದ್ದ.

ಅಕ್ಕ ಬಾಗಿಲು ತೆರೆದು ಅವನ ಅಂಗಿ ನೋಡಿದಳು. “ಗುಂಡಿ ಸರಿಯಾಗಿ ಹಾಕ್ಕೊಳೋದು ಇನ್ನೂ ಕಲೀಲಿಲ್ವಲ್ಲೋ.”

“ಬರ್ತೀನಿ ಅಂದಿದ್ದೆಯಂತೆ!” ಎಂದು ಅವನು ಕೂಗಿದ. ಕೂಗಿದರೆ ಅವಳಿಗೆ ಕೇಳಿಸುವುದಿಲ್ಲ, ಬಾಯಿ ಸೊಟ್ಟಗಾಗಿ ತುಟಿಯೂ ತಿಳಿಯುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಆದರೂ ಕೂಗಿದ.

“ನಿಧಾನಕ್ಕೆ ಹೇಳು.”

“ಬರ್ತೀನಿ ಅಂದಿದ್ದೆ. ನಾನು ನೋಡಲಿಲ್ಲ. ಬರೋದಿಲ್ಲ ಅಂದೆ ಅಂತ ತಿಳ್ಕೊಂಡೆ.”

“ಬರೋದಿಲ್ಲ ಅಂತ ನಾನ್ಯಾವಾಗ ಅಂದೆ?”

“ಹೋದ ವರ್ಷ!”

ಅಕ್ಕ ಅವನ ಹಣೆ ಮುಟ್ಟಿ ನೋಡಿದಳು, ಜ್ವರ ಇರಲಿಲ್ಲ. ಅವನು ಮೊದಲಿನಿಂದ ಹೇಳಲು ಹೋಗಿ, ಹೊಸದು ಮೇಲೆ ಹಳೆಯದು ಕೆಳಗೆ ಎಂಬಲ್ಲಿಗೆ ಬಂದಾಗ ತಾನೇ ಸಿಕ್ಕಿಹಾಕಿಕೊಂಡ. ಅವಳಿಗೆ ಎಷ್ಟು ಅರ್ಥವಾಯಿತೋ, ಸುಮಾರು ಹೊತ್ತು ಅವನ ತುಟಿಯನ್ನೇ ನೋಡುತ್ತಿದ್ದಳು.

“ಕೋಣೆ ಖಾಲಿ ಮಾಡಿಸ್ತೀನಿ. ಟ್ರಂಪೆಟ್‌ನವನು ಹಿಂದಿನ ಕೋಣೆಗೆ ಹೋಗ್ತಾನೆ. ಇಲ್ಲಾಂದ್ರೆ ನಾನು ಹೋಗ್ತೀನಿ. ಕಿಟಕಿ ಪೂರ್ವಕ್ಕೇ ಇದೆ ಅಕ್ಕಾ, ಬಿಸಿಲು ಬರುತ್ತೆ” ಎಂದ ಗೂಡಪ್ಪ.

“ಮಾತು ಕೊಟ್ಟಾಯ್ತಲ್ಲೋ. ಪಾತ್ರೆಪಗಡ ಆಗ್ಲೇ ಅವರ ಮನೇಲಿವೆ. ಪಾಪ, ನನ್ನ ಕುಂಡಕ್ಕೆ ಅಂತ ಅಂಗಳ ಬೇರೆ ಗುಡಿಸಿಟ್ಟಿದ್ದಾರೆ. ಈಗ ಹೇಗೆ ಇಲ್ಲ ಅನ್ನಲಿ?”

“ಗುಲಾಬಿ ರೋಗದ ಕೆಳಗೆ ಬರೆದ್ರೆ ನಂಗೆ ಹೇಗೆ ಗೊತ್ತಾಗ್ಬೇಕು? ಮೇಲೆ ನನ್ನ ಹೆಸರು ಹಾಕೋಕೆ ಆಗ್ತಿರಲಿಲ್ವಾ?”

“ಅಷ್ಟು ಜನ ಓದಿದ್ರು” ಎಂದಳು ಅಕ್ಕ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನಿಗೆ ತಡೆಯಲಾಗಲಿಲ್ಲ. “ನಿಂಗೆ ಅಂತ ಬರೆದೆ. ನೀನೊಬ್ಬ ಓದಲಿಲ್ಲ.”

ಗಾಡಿ ಬಂತು. ಅವನು ಕುಂಡಗಳನ್ನು ಒಂದೊಂದಾಗಿ ಎತ್ತಿಕೊಟ್ಟ. ಅದರಲ್ಲಿ ಒಂದು ಗುಲಾಬಿ. ಎಲೆಗಳ ಮೇಲೆ ಕಪ್ಪು ಚುಕ್ಕೆಗಳಿದ್ದವು, ಹೊಸ ಚಿಗುರಿನ ಮೇಲೆ ಇರಲಿಲ್ಲ.

ಮನೆಗೆ ಬಂದ ಮೇಲೆ ಅವನು ಮಗಳನ್ನು ಕರೆಸಿ, ಕಂಪ್ಯೂಟರಿನಲ್ಲಿ ತಾನು ಮಾಡಿಟ್ಟ ವ್ಯವಸ್ಥೆಯನ್ನೆಲ್ಲ ಕಿತ್ತು ಹಾಕಿಸಿದ. “ಯಾರು ಯಾರಿಗೆ ಉತ್ತರ ಕೊಟ್ರು ಅನ್ನೋ ಹಾಗೆ ಜೋಡಿಸಿ ಕೊಡ್ಲಾ?” ಎಂದು ಅವಳು ಕೇಳಿದಳು.

“ಅದರಿಂದ ಏನು ಬಂತು? ನಿನ್ನ ಅತ್ತೆ ಗುಲಾಬಿಗೆ ಉತ್ತರ ಕೊಟ್ಟು ನಂಗೆ ಮಾತಾಡ್ತಾಳೆ. ಅವಳನ್ನ ವಿಂಗಡಿಸೋ ಯಂತ್ರ ಇನ್ನೂ ಹುಟ್ಟಿಲ್ಲ. ಎಲ್ಲಾನೂ ತೋರಿಸಲಿ, ಬಿಡು.”

“ಅತ್ತೆ ಹೆಸರು ಹಾಕಿ ಹುಡುಕಿದ್ರೆ ಸಾಕಲ್ಲಪ್ಪ.”

“ಆವತ್ತು ಅವಳ ಹೆಸರು ನೋಡೇ ಅಲ್ವಾ ನಾನು ಹಳ್ಳಕ್ಕೆ ಬಿದ್ದಿದ್ದು? ಯಾರು ಏನು ಕೇಳಿದ್ರು, ಅವಳು ಯಾರಿಗೆ ಹೇಳಿದ್ಲು, ಎಲ್ಲಾ ಓದ್ತೀನಿ.”

ಅಂದಿನಿಂದ ಗೂಡಪ್ಪ ಎಲ್ಲವನ್ನೂ ಓದತೊಡಗಿದ. ಮೇಲಿನ ಸಾಲು ಏನೇ ಇರಲಿ, ಒತ್ತಿ, ತೆರೆದು, ಮೊದಲಿನಿಂದ ಕೊನೆಯವರೆಗೆ. ಎರೆಗೊಬ್ಬರ, ಬಿಳಿ ಹೇನು, ಕುಂಡದ ತಳಕ್ಕೆ ಎಷ್ಟು ತೂತು, ಯಾವುದನ್ನೂ ಬಿಡಲಿಲ್ಲ. ಅರ್ಧ ಅರ್ಥವಾಗುತ್ತಿರಲಿಲ್ಲ. ಅರ್ಥವಾದ ಅರ್ಧ ಬೇಕಾಗಿರಲಿಲ್ಲ. ಆದರೆ ಅವುಗಳ ನಡುವೆ ಎಲ್ಲೋ ಅಕ್ಕ ಇರುತ್ತಿದ್ದಳು. ಕುಂಡದ ತೂತಿನ ಕೆಳಗೆ, ‘ತಮ್ಮಾ, ಥಂಡಿ ಶುರುವಾಗಿದೆ, ಕಿವಿಗೆ ಬಟ್ಟೆ ಕಟ್ಟಿಕೋ.’ ಬಿಳಿ ಹೇನಿನ ಕೆಳಗೆ, ‘ತಮ್ಮಾ, ಟೀಚರ್ ಗೊರಕೆ ಹೊಡೀತಾರಂತೆ, ನಂಗೇನು ಗೊತ್ತು!’ ಅವನು ಅಲ್ಲಲ್ಲೇ ಉತ್ತರ ಬರೆದ. ಹೇನಿನ ಕೆಳಗೆ ತನ್ನ ಬೆನ್ನುನೋವಿನ ವಿಷಯ ಬರೆಯುವಾಗ ಮೊದಮೊದಲು, ತಪ್ಪು ಗೂಡಿಗೆ ಕಾಗದ ಹಾಕಿದ ಹಾಗೆ ಹಿಂದೆ ಯಾರೋ ನಿಂತು ನೋಡುತ್ತಿದ್ದಾರೆ ಎನಿಸುತ್ತಿತ್ತು. ಗೊಬ್ಬರದ ಮಾವ ಆ ಬೆನ್ನಿಗೂ ಒಂದು ಎಣ್ಣೆ ಹೇಳಿದರು.

ಹೀಗೆ ಚಳಿಗಾಲ ಕಳೆಯಿತು. ಒಂದು ಬೆಳಗ್ಗೆ ‘ಬಸವನಹುಳುಗಳ ಕಾಟ’ ಎಂಬ ಸರಣಿಯನ್ನು ಅವನು ಆಕಳಿಸುತ್ತ ಓದುತ್ತಿದ್ದ. ಉಪ್ಪು ಹಾಕಬೇಕು ಎಂದು ಒಬ್ಬರು, ಉಪ್ಪು ಹಾಕಿದರೆ ಗಿಡವೂ ಸಾಯುತ್ತದೆ ಎಂದು ಇನ್ನೊಬ್ಬರು. ಅದರ ಕೆಳಗೆ:

‘ತಮ್ಮಾ, ಟೀಚರ್ ಮನೆಯ ಪಕ್ಕದ ಭಾಗ ಖಾಲಿಯಾಯ್ತು. ಎರಡು ಕೋಣೆ, ಮೆಟ್ಟಿಲಿಲ್ಲ. ಬೇರೆಯವರಿಗೆ ಕೊಡೋ ಮುಂಚೆ ನಿನ್ನನ್ನ ಕೇಳು ಅಂದ್ರು. ನಿನ್ನ ಬೆನ್ನಿಗೂ ಒಳ್ಳೇದು. ಬರ್ತೀಯಾ?’

ಗೂಡಪ್ಪನ ಆಕಳಿಕೆ ಅರ್ಧಕ್ಕೆ ನಿಂತಿತು. ಮೊದಲು ತಾರೀಖು ನೋಡಿದ. ನಿನ್ನೆಯದು. ಯಾವ ವರ್ಷದ ನಿನ್ನೆ ಎಂದೂ ನೋಡಿದ. ಈ ವರ್ಷದ್ದೇ. ಬರೆದವಳು ಅಕ್ಕ. ಆದರೂ ನಂಬಿಕೆ ಬರಲಿಲ್ಲ. ಆ ಗುಂಪಿನಲ್ಲಿ ಎಲ್ಲರೂ ಎಲ್ಲರಿಗೂ ಅಣ್ಣ, ತಮ್ಮ. ಬಸವನಹುಳು ಕಾಟದವನನ್ನೇ ಅಕ್ಕ ಕರೆದಿದ್ದರೆ? ಅವನಿಗೂ ಬೆನ್ನುನೋವು ಇದ್ದರೆ? ಹಾಗೂ ಹೀಗೂ ಯೋಚಿಸಿ ತಲೆ ಚಿಟ್ಟು ಹಿಡಿಯಿತು. ಕೊನೆಗೆ ಬಸವನಹುಳುಗಳ ಕೆಳಗೇ ‘ಬರ್ತೀನಿ ಅಕ್ಕಾ’ ಎಂದು ಬರೆದು ಕಳಿಸಿದ. ಕಳಿಸಿದ್ದು ಪರದೆಯ ಮೇಲೆ ಕಾಣಿಸಿತು. ಆದರೆ ಅಕ್ಕನ ಪರದೆಯ ಮೇಲೆ ಅದು ಎಲ್ಲಿ ಹೋಗಿ ಕೂರುತ್ತದೆ, ಯಾರ ಪ್ರಶ್ನೆಗೆ ಉತ್ತರವಾಗುತ್ತದೆ ಎಂಬುದು ದೇವರಿಗೇ ಗೊತ್ತು. ಈ ಮಾತನ್ನು ಯಂತ್ರದ ಕೈಗೆ ಬಿಟ್ಟು ಕೂರಲು ಅವನಿಂದಾಗಲಿಲ್ಲ. ಬೀಗದ ಕೈಯನ್ನು ಟ್ರಂಪೆಟ್‌ನವನಿಗೆ ಕೊಟ್ಟು ಬಸ್ಸಿಗೆ ಓಡಿದ.

ಎರಡು ಬಸ್ಸು ಬದಲಿಸಿ, ಟೀಚರ್ ಮನೆಯ ಅಂಗಳದ ಕುಂಡಗಳ ನಡುವೆ ದಾರಿ ಮಾಡಿಕೊಂಡು ಹೋಗಿ, ಬಾಗಿಲ ಪಕ್ಕದ ಗುಂಡಿ ಒತ್ತಿದ. ಅಕ್ಕ ಜತೆಗೆ ತಂದಿದ್ದ ದೀಪ ಒಳಗೆ ಮಿನುಗಿತು. ಅಕ್ಕ ಬಂದು ಬಾಗಿಲು ತೆರೆದಳು. ಗೂಡಪ್ಪ ಕೂಗಲಿಲ್ಲ. ಅವಳ ಕಣ್ಣಿಗೆ ಚೆನ್ನಾಗಿ ಕಾಣುವಂತೆ, ನಿಧಾನವಾಗಿ ತುಟಿ ಬಿಡಿಸಿ, “ಬರ್ತೀನಿ” ಎಂದ.

“ಓದಿದೆ” ಎಂದಳು ಅಕ್ಕ. “ಒಳಗೆ ಬಾ.”